ಪಿಕ್ ದು ಮಿದಿಯ ಮೇಲೆ ಶುಕ್ರನ ಕಾಮನಬಿಲ್ಲು

ಶುಕ್ರಗ್ರಹದ ಮೋಡಗಳಲ್ಲಿರುವುದು ಗಂಧಕಾಮ್ಲ ಎಂದು ಈಗ ಹೈಸ್ಕೂಲು ಮಕ್ಕಳೂ ಪರೀಕ್ಷೆಯಲ್ಲಿ ಬರೆದು ಒಂದು ಅಂಕ ಗಿಟ್ಟಿಸುತ್ತಾರೆ. ಆ ಮೋಡದ ಒಂದು ಹನಿಯನ್ನೂ ಇವತ್ತಿನವರೆಗೆ ಯಾರೂ ಶೀಸೆಯಲ್ಲಿ ತುಂಬಿ ತಂದಿಲ್ಲ. 1960ರ ದಶಕದಲ್ಲಿ ಅಲ್ಲಿಗೆ ಹೋದ ಮೊದಮೊದಲ ನೌಕೆಗಳಿಗೂ ಅದು ಯಾವುದರ ಮೋಡ ಎಂದು ಹೇಳಲಾಗಿರಲಿಲ್ಲ. ಗುಟ್ಟು ರಟ್ಟಾದದ್ದು ಭೂಮಿಯ ದೂರದರ್ಶಕಗಳಿಗೆ ಬಂದು ಬಿದ್ದ ಬೆಳಕಿನಿಂದ, ಅದರಲ್ಲೂ ನಮ್ಮ ಬರಿಗಣ್ಣಿಗೆ ಗೊತ್ತೇ ಆಗದ ಅದರ ಒಂದು ಗುಣದಿಂದ. ಧ್ರುವೀಕರಣ ಎನ್ನುತ್ತಾರೆ ಅದಕ್ಕೆ. ಅದನ್ನು ಪ್ರತಿಫಲನದಲ್ಲಿ ಮೊದಲು ಕಂಡ ಊರು, ಗ್ರಹಗಳ ಮೇಲೆ ಪ್ರಯೋಗಿಸಿದ ವೇಧಶಾಲೆ, ಆ ಕಸುಬನ್ನು ಇಂದಿಗೂ ಬಿಡದ ಬೆಟ್ಟ, ಮೂರೂ ಫ್ರಾನ್ಸಿನಲ್ಲಿವೆ. ಅಕ್ಕನ ಮಗ ಬೇರೆ ತುಲೂಸ್‌ನಲ್ಲಿ ಇಂಜಿನಿಯರು. "ಬನ್ನಿ ಮಾವ, ಕಾರಿದೆ, ಕರ್ಕೊಂಡು ಹೋಗ್ತೀನಿ" ಎಂದು ವರ್ಷಗಳಿಂದ ಕರೆಯುತ್ತಿದ್ದ. ಹೊರಟೆ.

ಪ್ಯಾರಿಸ್ಸಿನ ಲಕ್ಸಂಬರ್ಗ್ ಉದ್ಯಾನಕ್ಕೆ ಹೋಗುವವರು ಕೊಳದಲ್ಲಿ ಮಕ್ಕಳು ತೇಲಿಬಿಡುವ ಆಟಿಕೆ ದೋಣಿಗಳನ್ನು ನೋಡುತ್ತಾರೆ, ಹಸಿರು ಕುರ್ಚಿಗಳಲ್ಲಿ ಕೂತು ಬಿಸಿಲು ಕಾಯಿಸುತ್ತಾರೆ. ನಾನು ನೋಡಲು ಹೋದದ್ದು ಅರಮನೆಯ ಕಿಟಕಿಗಳನ್ನು. ಈಗ ಅಲ್ಲಿ ಫ್ರಾನ್ಸಿನ ಸೆನೆಟ್ ಸೇರುತ್ತದೆ. 1808ರಲ್ಲಿ ಎತಿಯೆನ್ ಲೂಯಿ ಮಾಲ್ಯೂಸ್ ಎಂಬ ಸೇನಾ ಇಂಜಿನಿಯರು, ನೆಪೋಲಿಯನ್ನನ ಜತೆ ಈಜಿಪ್ಟಿನ ದಂಡಯಾತ್ರೆಗೆ ಹೋಗಿ ಬಂದವನು, ಪಕ್ಕದ ಬೀದಿಯ ತನ್ನ ಮನೆಯಿಂದ ಈ ಕಿಟಕಿಗಳ ಗಾಜಿನಲ್ಲಿ ಹೊಳೆಯುತ್ತಿದ್ದ ಮುಳುಗುವ ಸೂರ್ಯನನ್ನು ಐಸ್‌ಲ್ಯಾಂಡ್ ಸ್ಪಾರ್ ಎಂಬ ಹರಳಿನ ಮೂಲಕ ನೋಡಿದ. ಆ ಹರಳು ಒಂದನ್ನು ಎರಡಾಗಿ ತೋರಿಸುವಂಥದ್ದು. ಅವನಿಗೂ ಎರಡು ಬಿಂಬ ಕಂಡವು. ಹರಳನ್ನು ತಿರುಗಿಸಿದಂತೆ ಒಂದು ಬಿಂಬ ಮಂಕಾಯಿತು, ಇನ್ನಷ್ಟು ತಿರುಗಿಸಿದಾಗ ಮತ್ತೊಂದು. ಗಾಜಿಗೆ ತಗುಲಿ ಬಂದ ಬೆಳಕಿಗೆ ಏನೋ ಆಗಿತ್ತು.

ಆದದ್ದು ಇಷ್ಟು. ಬೆಳಕು ತಾನು ಸಾಗುವ ದಿಕ್ಕಿಗೆ ಅಡ್ಡಲಾಗಿ ಕಂಪಿಸುವ ಅಲೆ. ಸೂರ್ಯನಿಂದ ಹೊರಟಾಗ ಈ ಕಂಪನ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಓರೆಯಾಗಿ, ಎಲ್ಲ ಕಡೆಗೂ ಸಮನಾಗಿ ಹಂಚಿರುತ್ತದೆ. ಗಾಜಿಗೋ ನೀರಿಗೋ ಗಾಳಿಯ ಕಣಕ್ಕೋ ಮೋಡದ ಹನಿಗೋ ತಗುಲಿ ಹೊರಳಿದಾಗ, ಕೆದರಿದ ಕೂದಲಿಗೆ ಬಾಚಣಿಗೆ ಆಡಿಸಿದ ಹಾಗೆ, ಒಂದು ದಿಕ್ಕಿನ ಕಂಪನದ ಪಾಲು ಹೆಚ್ಚಾಗುತ್ತದೆ. ಎಷ್ಟು ಹೆಚ್ಚಾಯಿತು, ಯಾವ ದಿಕ್ಕಿಗೆ ಹೆಚ್ಚಾಯಿತು ಎನ್ನುವುದು ಬೆಳಕು ಯಾವ ವಸ್ತುವಿಗೆ ತಗುಲಿತು, ಎಷ್ಟು ಕೋನದಲ್ಲಿ ತಿರುಗಿತು ಎಂಬುದನ್ನು ಅವಲಂಬಿಸಿದೆ. ಮರುವರ್ಷವೇ ಫ್ರಾಂಸ್ವಾ ಅರಾಗೊ ಆಕಾಶದ ನೀಲಿಯಲ್ಲೂ ಈ ಗುಣವನ್ನು ಕಂಡ. ಮಾಲ್ಯೂಸ್ 1812ರಲ್ಲಿ, ನಲವತ್ತು ತುಂಬುವ ಮುಂಚೆಯೇ ತೀರಿಕೊಂಡ. ಐಫೆಲ್ ಗೋಪುರದಲ್ಲಿ ಬರೆದಿರುವ 72 ಹೆಸರುಗಳಲ್ಲಿ ಇಬ್ಬರ ಹೆಸರೂ ಇದೆ. ಸೆಲ್ಫಿಗೆ ನಿಂತವರ ತಲೆಯ ಮೇಲೇ ಇದೆ.

ಮ್ಯೂದೋಂ ಪ್ಯಾರಿಸ್ಸಿನ ಅಂಚಿನ ಊರು, ಲೋಕಲ್ ರೈಲಿನಲ್ಲಿ ಹೋಗಿಬರಬಹುದು. ಸ್ಟೇಷನ್ನಿನಿಂದ ಏರು ಹತ್ತಿದರೆ ರಾಜರ ಕಾಲದ ವಿಶಾಲ ಜಗಲಿ, ಎದುರಿಗೆ ಪ್ಯಾರಿಸ್ ಪೂರಾ. 1871ರಲ್ಲಿ ಸುಟ್ಟುಹೋದ ಅರಮನೆಯ ಉಳಿದ ಭಾಗದ ಮೇಲೆಯೇ ಗುಮ್ಮಟ ಕೂರಿಸಿ ವೇಧಶಾಲೆ ಮಾಡಿದವನು ಜೂಲ್ ಜಾನ್ಸೆನ್. ಈ ಹೆಸರು ನಮಗೆ ಪರಕೀಯವಲ್ಲ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ಈತ ನೋಡಿದ್ದು ಆಂಧ್ರದ ಗುಂಟೂರಿನಲ್ಲಿ. ಹೀಲಿಯಂ ಕಥೆ ಶುರುವಾಗುವುದೇ ಆ ಗ್ರಹಣದಿಂದ. ಜಗಲಿಯ ಮೇಲೆ ಅವನ ಪ್ರತಿಮೆಯಿದೆ. ಗುಂಟೂರಿನ ಬಿಸಿಲು ಕಂಡ ಮನುಷ್ಯ ಎಂದು ಅದಕ್ಕೆ ಒಂದು ನಮಸ್ಕಾರ ಹಾಕಿ ಮುಂದೆ ಹೋದೆ.

ನನಗೆ ಬೇಕಾಗಿದ್ದವನು ಬರ್ನಾರ್ ಲಿಯೋ. 1897ರಲ್ಲಿ ಹುಟ್ಟಿದ ಪ್ಯಾರಿಸ್ಸಿನ ಹುಡುಗ, 1920ರಲ್ಲಿ ಮ್ಯೂದೋಂಗೆ ಬಂದು ಸೇರಿದ. ಇಲ್ಲಿನ ದೊಡ್ಡ ದೂರದರ್ಶಕದ ಮಸೂರ 83 ಸೆಂಟಿಮೀಟರ್ ಅಗಲದ್ದು, ಪ್ರಪಂಚದ ಅತಿ ದೊಡ್ಡ ಮಸೂರಗಳ ಸಾಲಿಗೆ ಸೇರಿದ್ದು. ನನ್ನನ್ನು ಬೆರಗುಗೊಳಿಸಿದ್ದು ಆ ಮಸೂರಕ್ಕಿಂತ, ಲಿಯೋ ತಾನೇ ಮಾಡಿಕೊಂಡ ಪುಟ್ಟ ಉಪಕರಣ. ಹರಳಿನ ತೆಳು ಬಿಲ್ಲೆಗಳ ಮೂಲಕ ನೋಡಿದಾಗ, ಬರುವ ಬೆಳಕು ಧ್ರುವೀಕೃತವಾಗಿದ್ದರೆ ಗ್ರಹದ ಬಿಂಬದ ಮೇಲೆ ಸಣ್ಣ ಸಣ್ಣ ಪಟ್ಟೆಗಳು ಮೂಡುತ್ತವೆ. ಎದುರಿಗೆ ಒಂದು ಗಾಜಿನ ಬಿಲ್ಲೆ. ಅದನ್ನು ಸ್ವಲ್ಪ ಸ್ವಲ್ಪವೇ ಓರೆ ಮಾಡುತ್ತಾ ಹೋಗಬೇಕು. ಪಟ್ಟೆಗಳು ಮಾಸಿ ಬಿಂಬ ಸಾಫಾದ ಕ್ಷಣದಲ್ಲಿ ನಿಲ್ಲಿಸಿ, ಬಿಲ್ಲೆ ಎಷ್ಟು ಓರೆಯಾಗಿದೆ ಎಂದು ಓದಿಕೊಂಡರೆ ಗ್ರಹದ ಬೆಳಕಿನ ಧ್ರುವೀಕರಣ ಎಷ್ಟೆಂದು ಸಿಕ್ಕಿತು. ಕ್ಯಾಮೆರಾ ಇಲ್ಲ, ಮೀಟರಿಲ್ಲ, ಕಣ್ಣೇ ಎಲ್ಲ. ಹಾಗೆ ನೋಡಿ ಸಾವಿರದಲ್ಲಿ ಒಂದು ಪಾಲಿನಷ್ಟು ಧ್ರುವೀಕರಣವನ್ನೂ ಅವನು ಹಿಡಿಯುತ್ತಿದ್ದ.

ಅದೇ ಹೊತ್ತಿಗೆ, 1921ರಲ್ಲಿ, ಎಸ್.ಎಸ್. ನಾರ್ಕುಂಡ ಹಡಗಿನಲ್ಲಿ ಇಂಗ್ಲೆಂಡಿನಿಂದ ಮರಳುತ್ತಿದ್ದ ಸಿ.ವಿ. ರಾಮನ್ ಧ್ರುವೀಕರಣದ ಇನ್ನೊಂದು ಹರಳನ್ನು, ನಿಕೋಲ್ ಪ್ರಿಸಂ ಅನ್ನು, ಕಣ್ಣಿಗೆ ಹಿಡಿದು ಸಮುದ್ರ ನೋಡುತ್ತಿದ್ದರು. ನೀರಿನ ಮೇಲಿನ ಆಕಾಶದ ಪ್ರತಿಬಿಂಬವನ್ನು ಆ ಹರಳಿನಿಂದ ಅಳಿಸಿಹಾಕಿದರೂ ಸಮುದ್ರ ನೀಲಿಯಾಗಿಯೇ ಉಳಿಯಿತು. ನೀಲಿ ನೀರಿನದೇ ಎಂದು ಅವರಿಗೆ ಖಾತ್ರಿಯಾಯಿತು. ಒಬ್ಬರು ಹಡಗಿನ ಕಟಕಟೆಯಲ್ಲಿ, ಒಬ್ಬರು ಗುಮ್ಮಟದ ಕತ್ತಲಲ್ಲಿ. ಕೈಯಲ್ಲಿದ್ದ ಸಾಮಾನು ಹೆಚ್ಚುಕಡಿಮೆ ಒಂದೇ.

ಲಿಯೋ ಒಂದೊಂದೇ ಗ್ರಹವನ್ನು ಅಳೆದ. ಚಂದ್ರನ ಬೆಳಕನ್ನು ಅಳೆದು, ಪ್ರಯೋಗಾಲಯದಲ್ಲಿ ಬಗೆಬಗೆಯ ಕಲ್ಲು ಮಣ್ಣುಗಳನ್ನು ಅಳೆದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಚಂದ್ರನ ಮೈ ಜ್ವಾಲಾಮುಖಿಯ ಬೂದಿಯಂಥ ಪುಡಿಯಿಂದ ಮುಚ್ಚಿದೆ ಎಂದ. ಅಲ್ಲಿ ಮನುಷ್ಯ ಕಾಲಿಡಲು ಇನ್ನೂ ನಲವತ್ತು ವರ್ಷವಿತ್ತು. ಶುಕ್ರನ ಸರದಿ ಬಂದಾಗ ಕಲ್ಲು ಮಣ್ಣು ಯಾವುದೂ ಹೊಂದಲಿಲ್ಲ. ಹೊಂದಿದ್ದು ಸಣ್ಣ ನೀರಹನಿಗಳ ಮಂಜು, ಅದೂ ಸುಮಾರಾಗಿ ಮಾತ್ರ. ಇದೆಲ್ಲ ಸೇರಿ 1929ರಲ್ಲಿ ಅವನ ಡಾಕ್ಟರೇಟ್ ಪ್ರಬಂಧವಾಯಿತು. ಆ ಸುಮಾರಿನೊಳಗೇ ಮುಂದಿನ ಐವತ್ತು ವರ್ಷದ ಕೆಲಸ ಅಡಗಿತ್ತು.

ತುಲೂಸ್‌ನಿಂದ ಲಾ ಮೋಂಜಿಗೆ ಅಳಿಯನ ಕಾರು. ಬಯಲು ಮುಗಿದು ಪಿರನೀಸ್ ಪರ್ವತಗಳು ಎದ್ದು ನಿಲ್ಲುವ ಜಾಗದಲ್ಲಿ ರಸ್ತೆ ಸುತ್ತು ಸುತ್ತಾಗಿ ಏರುತ್ತದೆ. ಇನ್ನೂ ಮೇಲಕ್ಕೆ ಹೋದರೆ ತುರ್ಮಾಲೆ ಕಣಿವೆದಾರಿ. ತುರ್ ದ ಫ್ರಾನ್ಸ್ ಸೈಕಲ್ ಪಂದ್ಯದವರು ಏದುಸಿರು ಬಿಡುವ ಏರು. ಲಾ ಮೋಂಜಿ ಚಳಿಗಾಲದ ಹಿಮದಾಟದ ಊರು. ಅಲ್ಲಿಂದ ಕೇಬಲ್ ಕಾರು ಹಿಡಿದು, ನಡುವೆ ಒಂದು ಕಡೆ ಇಳಿದು ಇನ್ನೊಂದು ಡಬ್ಬಿ ಹತ್ತಿದರೆ ಕಾಲು ಗಂಟೆಯಲ್ಲಿ ಪಿಕ್ ದು ಮಿದಿ ಶಿಖರ: 2,877 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಹೆಚ್ಚಿನ ಎತ್ತರ ಸಾವಿರ ಮೀಟರೂ ಇಲ್ಲ, ಆದರೆ ಇಲ್ಲಿ ಬೇಸಿಗೆಯಲ್ಲೂ ಬಂಡೆಯ ಸಂದುಗಳಲ್ಲಿ ಹಿಮ. ಎರಡನೇ ಡಬ್ಬಿಯಲ್ಲಿ ಕಾಲ ಕೆಳಗೆ ನೆಲವೇ ಇಲ್ಲದಂತಾಗಿ ಹೊಟ್ಟೆ ತೊಳಸಿತು. "ಮಾವ, ಮೋಡ ನೋಡೋಕೆ ಇಷ್ಟು ದೂರ ಬರಬೇಕಿತ್ತಾ? ಆಗುಂಬೆಗೆ ಹೋಗಿದ್ರೆ ಸಾಕಿತ್ತಲ್ಲ" ಎಂದು ಅಳಿಯ ನಕ್ಕ.

ಇಲ್ಲಿ ವೇಧಶಾಲೆಯ ಕೆಲಸ ಶುರುವಾದದ್ದು 1878ರಲ್ಲಿ. ಲಿಯೋ 1930ರಲ್ಲಿ ಬಂದಾಗ ಕೇಬಲ್ ಕಾರು ಇರಲಿಲ್ಲ. ಗ್ರಹಣವಿಲ್ಲದ ದಿನವೂ ಸೂರ್ಯನ ಹೊರಗಿನ ಪ್ರಭೆಯಾದ ಕರೋನವನ್ನು ತೋರಿಸುವ ಕರೋನಾಗ್ರಾಫ್ ಎಂಬ ಉಪಕರಣವನ್ನು ಅವನು ಇಲ್ಲಿಯೇ ಗೆಲ್ಲಿಸಿದ್ದು. ಧೂಳಿಲ್ಲದ ಗಾಳಿ ಬೇಕಿತ್ತು, ಅದು ಇಲ್ಲಿತ್ತು. ಜಗತ್ತು ಅವನನ್ನು ಆ ಉಪಕರಣಕ್ಕಾಗಿಯೇ ನೆನೆಯುತ್ತದೆ. ನನ್ನ ಕೇಳಿದರೆ ಶುಕ್ರನ ಮೇಲಿನ ಕೆಲಸ ಅದಕ್ಕಿಂತ ಒಂದು ಕೈ ಮೇಲು. 1952ರಲ್ಲಿ ಸುಡಾನಿಗೆ ಸೂರ್ಯಗ್ರಹಣ ನೋಡಲು ಹೋದವನು ಹಿಂದಿರುಗುವಾಗ ಈಜಿಪ್ಟಿನಲ್ಲಿ ರೈಲಿನಲ್ಲೇ ಹೃದಯಾಘಾತದಿಂದ ತೀರಿಕೊಂಡ. ಶಿಖರದ ತುದಿಯ ಎತ್ತರದ ಗೋಪುರದಲ್ಲಿರುವ, ಎರಡು ಮೀಟರ್ ಕನ್ನಡಿಯ ದೂರದರ್ಶಕಕ್ಕೆ ಅವನ ಹೆಸರಿದೆ. ನಕ್ಷತ್ರಗಳ ಬೆಳಕನ್ನು ರೋಹಿತವಾಗಿ ಬಿಡಿಸಿ, ಪ್ರತಿ ಬಣ್ಣದ ಧ್ರುವೀಕರಣವನ್ನೂ ಬೇರೆಬೇರೆಯಾಗಿ ಅಳೆಯುವುದು ಅದರ ಕಸುಬು. ಅದರಿಂದ ನಕ್ಷತ್ರಗಳ ಕಾಂತಕ್ಷೇತ್ರ ಗೊತ್ತಾಗುತ್ತದೆ.

ದುಡ್ಡು ಕೊಟ್ಟರೆ ರಾತ್ರಿ ಶಿಖರದಲ್ಲೇ ಉಳಿಯಬಹುದು. ಉಳಿದೆವು. ರಾತ್ರಿಯ ಆಕಾಶದ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಬೆಳಿಗ್ಗೆ ಕಂಡದ್ದನ್ನು ಹೇಳುತ್ತೇನೆ.

ಎದ್ದು ಹೊರಗೆ ಬಂದರೆ ಬಯಲಿನ ಕಡೆಗೆ ನೆಲವೇ ಕಾಣದು. ಕಾಲ ಬುಡದಿಂದ ದಿಗಂತದವರೆಗೆ ಮೋಡ. ಶಿಖರ ದ್ವೀಪವಾಗಿತ್ತು. ಸೂರ್ಯ ಬೆನ್ನ ಹಿಂದೆ ಸ್ವಲ್ಪ ಮೇಲೇರಿದ್ದ. ಪಡುವಣದ ಮೋಡದ ಮೇಲೆ ಬೆಟ್ಟದ ಮೊನಚು ನೆರಳು. ಆ ನೆರಳನ್ನು ನಡುವಿಗಿಟ್ಟುಕೊಂಡು, ಕೆಳಗೆ ನಮ್ಮ ಹತ್ತಿರಕ್ಕೆ ಬಾಗಿ ಎರಡೂ ಪಕ್ಕಕ್ಕೆ ಚಾಚಿ ಹೋದ, ಬಣ್ಣವಿಲ್ಲದ, ಹಾಲುಬಿಳುಪಿನ ಅಗಲವಾದ ಬಿಲ್ಲು. ಮಳೆಹನಿ ದೊಡ್ಡದು, ಬಣ್ಣಗಳನ್ನು ಬಿಡಿಸಿ ತೋರಿಸುತ್ತದೆ. ಮೋಡದ ಹನಿ ತೀರಾ ಸಣ್ಣದು, ಬಣ್ಣಗಳು ಒಂದರ ಮೇಲೊಂದು ಹರಡಿ ಬೆಳ್ಳಗಾಗುತ್ತವೆ.

ಅಳಿಯ ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡಿದ್ದ. "ಎರಡು ಕಡೆ ಕಾಣ್ತಿದೆ ಮಾವ, ಕೆಳಗಡೆ ತುಂಡಾಗಿದೆ" ಎಂದ. ನನಗೆ ಬರಿಗಣ್ಣಿಗೆ ಇಡೀ ಬಿಲ್ಲು ಕಾಣುತ್ತಿತ್ತು. ತಲೆಯನ್ನು ಭುಜದ ಕಡೆಗೆ ಪೂರ್ತಿ ವಾಲಿಸು ಎಂದೆ. ವಾಲಿಸಿದ. "ಅರೆ! ಈಗ ಕೆಳಗಿನದು ಬಂತು, ಪಕ್ಕದ್ದು ಹೋಯ್ತು!" ಕನ್ನಡಕ ಕಿತ್ತುಕೊಂಡು ನಾನೂ ತಿರುಗಿಸಿ ನೋಡಿದೆ. ಗಾಜು ತಿರುಗಿದಂತೆ ಬಿಲ್ಲಿನ ಮುರಿದ ಜಾಗವೂ ತಿರುಗುತ್ತಿತ್ತು. ಹನಿಯೊಳಗೆ ಹೊಕ್ಕು, ಹಿಂಗೋಡೆಗೆ ತಗುಲಿ ಮರಳುವ ಬೆಳಕಿನ ಕಂಪನ ಹೆಚ್ಚಾಗಿ ಬಿಲ್ಲಿನ ಬಾಗಿನ ಗುಂಟವೇ ಇರುತ್ತದೆ. ಕೂಲಿಂಗ್ ಗ್ಲಾಸು ಅಡ್ಡ ಕಂಪನವನ್ನು ತಡೆಯುತ್ತದೆ. ಆದ್ದರಿಂದಲೇ ಬಿಲ್ಲು ಅಡ್ಡಲಾಗಿ ಮಲಗಿದ ಕಡೆ ಮಾಯ, ನೆಟ್ಟಗೆ ನಿಂತ ಕಡೆ ಪ್ರತ್ಯಕ್ಷ. ಪಕ್ಕದಲ್ಲಿದ್ದ ಫ್ರೆಂಚ್ ಅಜ್ಜಿಯೊಬ್ಬರು ನಮ್ಮಿಬ್ಬರ ಕತ್ತು ವಾಲಿಸುವ ಆಟ ನೋಡಿ ನಕ್ಕು, ಆಮೇಲೆ ತಮ್ಮ ಕನ್ನಡಕವನ್ನೂ ತಿರುಗಿಸತೊಡಗಿದರು.

ಶುಕ್ರನ ಮೇಲೂ ಇಂಥದೇ ಬಿಲ್ಲಿದೆ. ಆದರೆ ಅದನ್ನು ನೋಡುವ ಬಗೆ ಬೇರೆ, ನನಗೆ ಅತಿ ಸೋಜಿಗವೆನಿಸುವುದು ಅದೇ. ಶಿಖರದ ಮೇಲೆ ನಿಂತಾಗ ಒಂದೊಂದು ಮೋಡದ ತುಣುಕು ಒಂದೊಂದು ಕೋನದಲ್ಲಿರುತ್ತದೆ. ಸರಿಯಾದ ಕೋನದಲ್ಲಿರುವಷ್ಟು ಮಾತ್ರ ಬೆಳಗಿ ಬಿಲ್ಲಿನ ಆಕಾರ ಬರುತ್ತದೆ. ಶುಕ್ರ ಎಷ್ಟು ದೂರವೆಂದರೆ ಅದರ ಅಷ್ಟೂ ಮೋಡಗಳು ನಮಗೂ ಸೂರ್ಯನಿಗೂ ಒಂದೇ ಕೋನದಲ್ಲಿರುತ್ತವೆ. ಹಾಗಾಗಿ ಇಡೀ ಗ್ರಹವೇ ಬಿಲ್ಲಿನ ಒಂದೇ ಒಂದು ಬಿಂದು. ಗ್ರಹ ತನ್ನ ಕಕ್ಷೆಯಲ್ಲಿ ಸರಿದಂತೆ ಆ ಕೋನ ನಿಧಾನವಾಗಿ ಬದಲಾಗುತ್ತದೆ. ನಾವು ಕತ್ತು ಹೊರಳಿಸಿ ಒಂದು ಕ್ಷಣದಲ್ಲಿ ನೋಡಿ ಮುಗಿಸುವ ಬಿಲ್ಲನ್ನು ಶುಕ್ರ ತಿಂಗಳುಗಟ್ಟಲೆ ಬಿಡಿಸುತ್ತದೆ. ಆಕಾಶದಲ್ಲಿ ಅದು ಒಂದು ಸುತ್ತು ಮುಗಿಸಿ ಸೂರ್ಯನಿಗೆ ಹೋಲಿಸಿದರೆ ಅದೇ ನೆಲೆಗೆ ಮರಳಲು 584 ದಿನ ಬೇಕು. ಬಿಲ್ಲು ಕಾಣುವ ಕೋನವೋ, ಇಪ್ಪತ್ತು ಡಿಗ್ರಿಯ ಆಸುಪಾಸಿನದು. ಆಗ ಶುಕ್ರ ಸೂರ್ಯನ ಆಚೆ ಬದಿಯಲ್ಲಿ, ಸೂರ್ಯನಿಂದ ಹದಿನೈದು ಡಿಗ್ರಿಯೂ ದೂರವಿಲ್ಲದೆ ನಿಂತಿರುತ್ತದೆ. ಹಗಲಿನಲ್ಲೋ ಮುಚ್ಚಂಜೆಯಲ್ಲೋ, ಸುತ್ತಲ ಆಕಾಶದ ಧ್ರುವೀಕರಣವನ್ನೂ ಲೆಕ್ಕದಿಂದ ಕಳೆದು ಅಳೆಯಬೇಕು.

ಲಿಯೋನ ಶಿಷ್ಯ ಓದ್ವಾಂ ದೋಲ್ಫ್ಯೂಸ್ ಈ ಕೆಲಸವನ್ನು ಮುಂದುವರಿಸಿದ. ವಿಚಿತ್ರ ಧೈರ್ಯದ ಮನುಷ್ಯ. 1959ರಲ್ಲಿ ಬಲೂನಿಗೆ ಕಟ್ಟಿದ ಗೂಡಿನಲ್ಲಿ ಒಬ್ಬನೇ ಕೂತು ಹದಿನಾಲ್ಕು ಕಿಲೋಮೀಟರ್ ಮೇಲಕ್ಕೆ ಹೋಗಿದ್ದ, ಭೂಮಿಯ ಹಬೆಯನ್ನು ದಾಟಿ ಗ್ರಹಗಳ ನೀರಾವಿ ಹುಡುಕಲು. ಅಮೆರಿಕದ ಡೇವಿಡ್ ಕಾಫೀನ್ ಅತಿನೇರಳೆಯಿಂದ ಅವಕೆಂಪಿನವರೆಗೆ ಬೇರೆ ಬೇರೆ ಬಣ್ಣಗಳಲ್ಲಿ ಶುಕ್ರನನ್ನು ಅಳೆದ. ಬಣ್ಣ ಬದಲಾದರೆ, ಕೋನಕ್ಕೆ ತಕ್ಕಂತೆ ಧ್ರುವೀಕರಣ ಏರಿಳಿಯುವುದನ್ನು ತೋರಿಸುವ ನಕ್ಷೆಯ ಗೆರೆಯೂ ಬದಲಾಗುತ್ತಿತ್ತು. ಒಂದೇ ಬಣ್ಣದ ಗೆರೆಗೆ ಹತ್ತು ವಿವರಣೆ ಹೊಂದಿಸಬಹುದು. ಎಲ್ಲ ಬಣ್ಣಗಳ ಗೆರೆಗಳಿಗೂ ಒಟ್ಟಿಗೆ ಹೊಂದುವ ವಿವರಣೆ ಒಂದೇ ಉಳಿಯುತ್ತದೆ. ರೋಹಿತ ಮತ್ತು ಧ್ರುವೀಕರಣ ಜೊತೆಗೂಡಿದಾಗಿನ ಬಲ ಇದು.

ಆ ಒಂದನ್ನು ಲೆಕ್ಕ ಹಾಕಿ ತೆಗೆದವರು ನ್ಯೂಯಾರ್ಕಿನ ನಾಸಾ ಗೊಡಾರ್ಡ್ ಸಂಸ್ಥೆಯ ಜೇಮ್ಸ್ ಹ್ಯಾನ್ಸನ್, ಮತ್ತು ನೆದರ್ಲೆಂಡ್ಸಿನ ಯೂಪ್ ಹೋವನಿಯರ್. 1974ರ ಅವರ ಪ್ರಬಂಧದ ಪ್ರಕಾರ ಶುಕ್ರನ ಮೇಲ್ಮೋಡದ ಹನಿಗಳು ಗುಂಡಗಿವೆ. ಗುಂಡಗಿಲ್ಲದಿದ್ದರೆ ಬಿಲ್ಲು ಬರುವುದಿಲ್ಲ, ಅಂದರೆ ಅವು ದ್ರವ. ಹಿಮದ ಹರಳಾಗಲಿ ಧೂಳಾಗಲಿ ಅಲ್ಲ. ಹನಿಯ ತ್ರಿಜ್ಯ ಸುಮಾರು 1.05 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆ. ಬೆಳಕು ಎಷ್ಟು ಬಾಗುತ್ತದೆಂದು ಹೇಳುವ ವಕ್ರೀಭವನ ಸೂಚ್ಯಂಕ ಹಸಿರು-ಹಳದಿ ಬೆಳಕಿಗೆ 1.44. ನೀರಿನದು 1.33. ಅಲ್ಲಿಗೆ ನೀರು ಹೊರಬಿತ್ತು. ಸೂಚ್ಯಂಕ ಬಣ್ಣದಿಂದ ಬಣ್ಣಕ್ಕೆ ಬದಲಾಗುವ ರೀತಿಯೂ ಸೇರಿ ಎಲ್ಲಕ್ಕೂ ಹೊಂದಿದ್ದು ಶೇಕಡಾ 75ರ ಆಸುಪಾಸಿನ ಗಂಧಕಾಮ್ಲ. ಗಂಧಕಾಮ್ಲವಿರಬಹುದೆಂದು ಅದಕ್ಕೆ ಒಂದೆರಡು ವರ್ಷ ಮೊದಲು ಬೇರೆಯವರೂ ಸೂಚಿಸಿದ್ದರು. ಈ ಲೆಕ್ಕದ ಮುಂದೆ ಉಳಿದ ಅಭ್ಯರ್ಥಿಗಳೆಲ್ಲ ಮನೆಗೆ ಹೋದರು. ಅತಿನೇರಳೆಯಲ್ಲಿ ಮೋಡದ ಮೇಲಿನ ಅನಿಲದ ಪಾಲು ಎದ್ದು ಕಾಣುವುದರಿಂದ ಮೋಡದ ನೆತ್ತಿಯಲ್ಲಿ ಒತ್ತಡ ಎಷ್ಟೆಂಬುದೂ ಸಿಕ್ಕಿತು: ನಮ್ಮ ಸಮುದ್ರ ಮಟ್ಟದ ಒತ್ತಡದ ಸುಮಾರು ಇಪ್ಪತ್ತನೇ ಒಂದು ಪಾಲು. 1978ರಲ್ಲಿ ಪಯೋನಿಯರ್ ವೀನಸ್ ನೌಕೆಗಳು ಮೋಡದೊಳಗೆ ಇಳಿದು ಹನಿಗಳನ್ನು ಅಳೆದಾಗ ಆ ಗಾತ್ರದವು ಅಲ್ಲಿದ್ದವು.

ಪಯೋನಿಯರ್ ವೀನಸ್ಸಿನಲ್ಲಿ ಧ್ರುವೀಕರಣ ಅಳೆಯುವ ಉಪಕರಣದ ಪ್ರಸ್ತಾವ ಹ್ಯಾನ್ಸನ್ನರದೇ. ಅದು ಶುಕ್ರನ ದಾರಿ ಹಿಡಿಯುವ ಹೊತ್ತಿಗೆ ಅವರು ಭೂಮಿಯ ವಾತಾವರಣದ ಕಡೆಗೆ ತಿರುಗಿದ್ದರು. 1988ರ ಜೂನ್‌ನಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ, ಭೂಮಿ ಬಿಸಿಯಾಗುತ್ತಿದೆ ಎಂದು ಸಾಕ್ಷಿ ಹೇಳಿದ ಹ್ಯಾನ್ಸನ್ ಇವರೇ. ಶುಕ್ರನ ಮೋಡ ಬಿಡಿಸಿದ ಕೈ ಅದು ಎಂದು ನೆನಪಿಸಿಕೊಳ್ಳುವವರು ಕಡಿಮೆ.

ಅದೇ ವಿದ್ಯೆ ಈಗ ಭೂಮಿಯತ್ತಲೂ ತಿರುಗಿದೆ. 2024ರ ಫೆಬ್ರುವರಿಯಲ್ಲಿ ನಾಸಾ ಹಾರಿಸಿದ ಪೇಸ್ ಉಪಗ್ರಹದಲ್ಲಿ ಧ್ರುವೀಕರಣ ಅಳೆಯುವ ಎರಡು ಉಪಕರಣಗಳಿವೆ; ಮೋಡ, ಹೊಗೆ, ಧೂಳುಗಳ ಹನಿ-ಕಣಗಳನ್ನು ಅವು ಬೇರ್ಪಡಿಸಿ ನೋಡುತ್ತವೆ. ಈ ವಿದ್ಯೆಯಲ್ಲಿ ಬೆಂಗಳೂರಿನ ಪಾತ್ರವೂ ಇದೆ. ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಸುಜನ್ ಸೇನ್‌ಗುಪ್ತ ಮತ್ತು ವಿನೋದ್ ಕೃಷನ್ 2001ರಲ್ಲೇ, ನಕ್ಷತ್ರವಾಗಲು ಸೋತ ಕಂದು ಕುಬ್ಜಗಳ ವಾತಾವರಣದಲ್ಲಿ ಧೂಳಿದ್ದರೆ ಅದರ ಗುರುತು ಧ್ರುವೀಕರಣದಲ್ಲಿ ಸಿಗಬಹುದೆಂದು ಬರೆದಿದ್ದರು. 2023ರ ಜುಲೈ 14ರಂದು ಹೊರಟ ಚಂದ್ರಯಾನ-3ರ ನೋದಕ ಘಟಕದಲ್ಲಿ ಶೇಪ್ ಎಂಬ ಉಪಕರಣವಿತ್ತು, ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾದದ್ದು. ಚಂದ್ರನ ಮೇಲೆ ವಿಕ್ರಮ್ ಲ್ಯಾಂಡರ್ ಇಳಿಯುವುದನ್ನು ಇಡೀ ದೇಶ ಟಿವಿ ಮುಂದೆ ಕೂತು ನೋಡಿತು. ಮೇಲೆ ಚಂದ್ರನನ್ನು ಸುತ್ತುತ್ತಾ ಉಳಿದ ಈ ಉಪಕರಣ ಅಲ್ಲಿಂದ ಭೂಮಿಯನ್ನು ನೋಡಿದ್ದು ಸುದ್ದಿಯಾಗಲಿಲ್ಲ. ಅವಕೆಂಪಿನಲ್ಲಿ, 1ರಿಂದ 1.7 ಮೈಕ್ರೋಮೀಟರ್ ಅಲೆಯುದ್ದದಲ್ಲಿ, ಅದು ಭೂಮಿಯ ಬೆಳಕಿನ ರೋಹಿತ, ಧ್ರುವೀಕರಣ ಎರಡನ್ನೂ ಅಳೆಯಿತು. ಬೇರೆ ಸೂರ್ಯರ ಗ್ರಹಗಳು ನಮಗೆ ಎಂದಿಗೂ ಚುಕ್ಕಿಗಳೇ. ನೀರು, ಮೋಡ, ಜೀವ ಇರುವ ಗ್ರಹ ಚುಕ್ಕಿಯಾಗಿ ಕಂಡರೆ ಅದರ ಬೆಳಕು ಹೇಗಿರುತ್ತದೆ ಎನ್ನಲು ನಮ್ಮ ಬಳಿ ಇರುವ ಮಾದರಿ ಭೂಮಿಯೊಂದೇ. ನೋದಕ ಘಟಕದಲ್ಲಿ ನೂರು ಕಿಲೋಗಿಂತ ಹೆಚ್ಚು ಇಂಧನ ಉಳಿದಿದ್ದರಿಂದ ಇಸ್ರೋ ಅದನ್ನು ಚಂದ್ರನಿಂದ ಬಿಡಿಸಿ ಭೂಮಿಯ ಸುತ್ತಿನ ದೊಡ್ಡ ಕಕ್ಷೆಗೆ ತಂದಿತು.

ಇದನ್ನು ಶಿಖರದ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾ ಹೇಳಿದಾಗ ಅಳಿಯ, "ನಮ್ಮೂರಲ್ಲಿ ಮಾಡಿದ್ದು ಅಂತ ನಂಗೆ ಗೊತ್ತೇ ಇರಲಿಲ್ಲ ಮಾವ" ಎಂದ. ಬೆಂಗಳೂರಿನ ಅವನ ಮನೆ ಇರುವುದು ಆ ಕೇಂದ್ರದಿಂದ ಎರಡು ಬಸ್ ಸ್ಟಾಪ್ ಆಚೆ.

ಪಿಕ್ ದು ಮಿದಿಗೆ ಹೋಗುವವರು ಬೆಚ್ಚಗಿನ ಬಟ್ಟೆ ಒಯ್ಯಿರಿ, ಹವಾಮಾನ ಕೇಳಿಕೊಂಡೇ ಟಿಕೆಟ್ ಕೊಳ್ಳಿ. ಗಾಳಿ ಜೋರಾದರೆ ಕೇಬಲ್ ಕಾರು ನಿಲ್ಲುತ್ತದೆ. ಅಷ್ಟು ದೂರ ಆಗದವರಿಗೆ ನಂದಿಬೆಟ್ಟವಿದೆ, ಮುಳ್ಳಯ್ಯನಗಿರಿಯಿದೆ. ಚಳಿಗಾಲದ ಮುಂಜಾನೆ ಅಲ್ಲೂ ಕಾಲಡಿಯಲ್ಲಿ ಮೋಡ ಕಟ್ಟುತ್ತದೆ. ಎಲ್ಲರೂ ಸೂರ್ಯೋದಯದ ಫೋಟೋಗೆ ಮುಗಿಬೀಳುವಾಗ ನೀವು ಸೂರ್ಯನಿಗೆ ಬೆನ್ನು ಹಾಕಿ ನಿಂತು, ಪೋಲರಾಯ್ಡ್ ಕನ್ನಡಕವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಸೂರ್ಯನ ಕಡೆಗೆ ಮಾತ್ರ ಅದನ್ನು ಹಿಡಿದು ನೋಡಬೇಡಿ, ಕಣ್ಣಿಗೆ ಅದರಿಂದ ರಕ್ಷಣೆ ಸಿಗುವುದಿಲ್ಲ.